ಟ್ರ್ಯಾಕ್ ಡೇ ಸವಾರಿಗೆ ರಸ್ತೆ ಮೋಟಾರ್‌ಸೈಕಲ್‌ನ ಸಿದ್ಧತೆ

ಟ್ರ್ಯಾಕ್ ಡೇ ಎಂಬುದು ನೋಂದಾಯಿತ ರಸ್ತೆ ಮೋಟಾರ್‌ಸೈಕಲ್‌ಗಳನ್ನು ಸಾರ್ವಜನಿಕ ಸಂಚಾರವಿಲ್ಲದ ಓಟದ ಪಥದಲ್ಲಿ, ಶುಲ್ಕ ಪಾವತಿಸಿ, ಮೇಲ್ವಿಚಾರಕರ ಕಣ್ಗಾವಲಿನಲ್ಲಿ ಓಡಿಸಲು ಅವಕಾಶ ನೀಡುವ ದಿನವಾಗಿದೆ. ಇದು ಸ್ಪರ್ಧೆಯಲ್ಲ. ಇಲ್ಲಿ ಸ್ಥಾನ, ಪದಕ, ಬಹುಮಾನಗಳಿರುವುದಿಲ್ಲ. ಸವಾರರನ್ನು ಅನುಭವಕ್ಕೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಿ, ಸರದಿಯಂತೆ ಪಥಕ್ಕೆ ಬಿಡಲಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಪ್ಪಿತವಾದ ಪದವಿಲ್ಲ. ‘ಪಥದಿನ’ ಎಂದು ಬರೆಯಬಹುದಾದರೂ ಸವಾರರ ಬಾಯಲ್ಲಿ ನೆಲೆಸಿರುವುದು ‘ಟ್ರ್ಯಾಕ್ ಡೇ’ ಎಂಬ ರೂಪವೇ ಆದ್ದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಇದಕ್ಕಾಗಿ ವಾಹನವನ್ನು ಅಣಿಗೊಳಿಸುವುದೆಂದರೆ ಅದರ ವೇಗವನ್ನು ಹೆಚ್ಚಿಸುವುದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಈ ಸಿದ್ಧತೆಯ ಬಹುಭಾಗ ಎರಡು ಉದ್ದೇಶಗಳಿಗೆ ಸಂಬಂಧಿಸಿದ್ದು: ವಾಹನ ತಪ್ಪದೆ ನಿಲ್ಲಬೇಕು, ಅದರಿಂದ ಯಾವ ವಸ್ತುವೂ, ಒಂದು ಹನಿ ಎಣ್ಣೆಯೂ, ಪಥದ ಮೇಲೆ ಬೀಳಬಾರದು. ಮುಂದೆ ಹೋದವನ ವಾಹನ ಸೋರಿದರೆ ಬೀಳುವವನು ಹಿಂದೆ ಬರುವವನು.

ಹಿನ್ನೆಲೆ

ದಕ್ಷಿಣ ಭಾರತದಲ್ಲಿ ಮೋಟಾರು ಓಟಗಳು ಮೊದಲು ನೆಲೆಯೂರಿದ್ದು ಮದರಾಸಿನ ಸಮೀಪದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದರ ಮೇಲೆ. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಮುಂದೆ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಪಥವನ್ನು ನಿರ್ಮಿಸಿತು. 1990ರಲ್ಲಿ ಆರಂಭವಾದ ಈ ಪಥದ ಉದ್ದ ಸುಮಾರು 3.7 ಕಿ.ಮೀ.; ತಿರುವುಗಳು 12. ಕೊಯಮತ್ತೂರು ಬಳಿಯ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು, ಸುಮಾರು 2.1 ಕಿ.ಮೀ. ಉತ್ತರದಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥ 2011ರಿಂದ ಬಳಕೆಯಲ್ಲಿದ್ದು, 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ಓಟಕ್ಕೂ ಆತಿಥ್ಯ ವಹಿಸಿತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಸವಾರರಿಗೆ ಇವುಗಳಲ್ಲಿ ದಾರಿಯ ದೃಷ್ಟಿಯಿಂದ ಸುಲಭವಾದುದು ಇರುಂಗಾಟ್ಟುಕೋಟ್ಟೈ. ಕಿತ್ತೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು, ಕೃಷ್ಣಗಿರಿ ಮಾರ್ಗವಾಗಿ ಶ್ರೀಪೆರಂಬುದೂರನ್ನು ದಾಟಿ ಚೆನ್ನೈ ಸೇರುತ್ತದೆ. ಕಿತ್ತೂರಿನ ಮೇಲ್ಸೇತುವೆಯಿಂದ ಸುಮಾರು 750 ಕಿ.ಮೀ. ದೂರದವರೆಗೆ ಹೆದ್ದಾರಿಯನ್ನೇ ಬದಲಿಸಬೇಕಾಗಿಲ್ಲ. ಆದರೆ ದೂರ ದೂರವೇ. ಆದುದರಿಂದ ಈ ಭಾಗದ ಸವಾರನ ಸಿದ್ಧತೆಯಲ್ಲಿ ಪಥದ ಚಿಂತೆಯ ಜೊತೆಗೆ ಪ್ರಯಾಣದ ಚಿಂತೆಯೂ ಸೇರಿರುತ್ತದೆ.

ಸಾರ್ವಜನಿಕ ರಸ್ತೆ ಮತ್ತು ಕಾನೂನು

ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗಪರೀಕ್ಷೆ ಅಥವಾ ಓಟದಲ್ಲಿ ತೊಡಗುವುದು ಮೋಟಾರು ವಾಹನಗಳ ಕಾಯ್ದೆ, 1988ರ 189ನೆಯ ಕಲಮಿನನ್ವಯ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಾನೂನನ್ನು ಬದಿಗಿಟ್ಟು ನೋಡಿದರೂ ಈ ಪ್ರದೇಶದ ರಸ್ತೆಗಳು ವೇಗಕ್ಕೆ ಹೇಳಿದವುಗಳಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಸಾಗುತ್ತವೆ. ಉದುರಿದ ಕಬ್ಬಿನ ಜಲ್ಲೆಗಳು ತಿರುವಿನಲ್ಲೇ ಬಿದ್ದಿರುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸಂದರ್ಭದಲ್ಲಿ ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಹೋಗುವ ಭಕ್ತರು ಚಕ್ಕಡಿಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ರಾತ್ರಿಯೆಲ್ಲ ದಾರಿ ತುಂಬಿರುತ್ತಾರೆ. ಮೋಟಾರ್‌ಸೈಕಲ್ಲಿನ ಪೂರ್ಣ ಸಾಮರ್ಥ್ಯವನ್ನು ಅರಿಯಬೇಕೆನ್ನುವ ತರುಣನಿಗೆ ಮುಚ್ಚಿದ ಪಥವೊಂದೇ ಯೋಗ್ಯ ಸ್ಥಳ.

ತೊಳೆಯುವಿಕೆ ಮತ್ತು ತಪಾಸಣೆ

ಸಿದ್ಧತೆ ಆರಂಭವಾಗಬೇಕಾದುದು ತೊಳೆಯುವುದರಿಂದ. ಬೈಲಹೊಂಗಲ ಸುತ್ತಲಿನ ಎರೆಮಣ್ಣು ಎಂಜಿನ್ನಿನ ಸಂದುಗಳಲ್ಲಿ ಒಣಗಿ ಕುಳಿತಿದ್ದರೆ ಎಣ್ಣೆಯ ಸೋರಿಕೆಯಾಗಲಿ, ಚೌಕಟ್ಟಿನ ಸಣ್ಣ ಬಿರುಕಾಗಲಿ ಕಣ್ಣಿಗೆ ಬೀಳುವುದಿಲ್ಲ. ತೊಳೆದು ಒಣಗಿಸಿ ಎರಡು ದಿನ ಓಡಿಸಿದ ನಂತರ ಮತ್ತೆ ನೋಡಿದರೆ ಹೊಸದಾಗಿ ಒಸರಿದ ಎಣ್ಣೆಯ ಗುರುತು ಸ್ಪಷ್ಟವಾಗಿ ಕಾಣುತ್ತದೆ.

ಇದೇ ಮಣ್ಣಿನ ಧೂಳು ಚೈನಿನ ಎಣ್ಣೆಯೊಡನೆ ಬೆರೆತರೆ ಸಾಣೆಯ ಪುಡಿಯಂತೆ ಕೊಂಡಿಗಳನ್ನು ಸವೆಸುತ್ತದೆ. ಚೈನನ್ನು ಸೀಮೆಎಣ್ಣೆ ಅಥವಾ ಅದಕ್ಕೆಂದೇ ದೊರೆಯುವ ದ್ರಾವಣದಿಂದ ಶುಚಿಗೊಳಿಸಿ, ತೆಳುವಾಗಿ ಮಾತ್ರ ಎಣ್ಣೆ ಹಚ್ಚಬೇಕು. ಹೆಚ್ಚಾದ ಎಣ್ಣೆ ವೇಗದಲ್ಲಿ ಸಿಡಿದು ಹಿಂದಿನ ಟೈರಿನ ಮೇಲೆ ಬೀಳುತ್ತದೆ. ಚೈನಿನ ಸಡಿಲಿಕೆ ತಯಾರಕರ ಕೈಪಿಡಿಯಲ್ಲಿರುವಷ್ಟೇ ಇರಬೇಕು. ಬಿಗಿಯಾದಷ್ಟು ಒಳ್ಳೆಯದೆಂಬುದು ತಪ್ಪು. ಅತಿ ಬಿಗಿಯಾದ ಚೈನು ಹಿಂದಿನ ಸಸ್ಪೆನ್ಷನ್ನಿನ ಚಲನೆಗೆ ಅಡ್ಡಿಯಾಗುವುದಲ್ಲದೆ ಬೇರಿಂಗುಗಳನ್ನೂ ಹಾಳುಮಾಡುತ್ತದೆ.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿದಾಗ ಅದು ಎಲ್ಲಿಯೂ ತಡೆಯಬಾರದು, ಮಧ್ಯದಲ್ಲಿ ಕಚ್ಚಿ ನಿಲ್ಲಲೂಬಾರದು. ಚಕ್ರಗಳನ್ನು ಪಕ್ಕಕ್ಕೆ ಅಲುಗಿಸಿದರೆ ಸಡಿಲವಿರಬಾರದು. ಆಕ್ಸಲರೇಟರನ್ನು ತಿರುವಿ ಬಿಟ್ಟೊಡನೆ ಅದು ತಾನಾಗಿಯೇ ಹಿಂದಕ್ಕೆ ಮರಳಬೇಕು. ಈ ಕೊನೆಯ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಪರಿಶೀಲಕರು ವಾಹನವನ್ನು ತಿರಸ್ಕರಿಸಲು ಮಾತ್ರ ಇದೊಂದೇ ಕಾರಣ ಸಾಕು.

ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಗಿಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಪಳಗಿದ ಮಿಸ್ತ್ರಿಯ ಕೈ ಬಹುತೇಕ ಸರಿಯಾಗಿಯೇ ಇರುತ್ತದೆ. ಆದರೂ ಚಕ್ರದ ಅಚ್ಚು, ಬ್ರೇಕ್ ಕ್ಯಾಲಿಪರ್ ಮತ್ತು ಹ್ಯಾಂಡಲಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯುವುದು ಉಚಿತ. ಬಿಗಿದ ನಂತರ ನಟ್ಟಿನಿಂದ ಪಕ್ಕದ ಭಾಗಕ್ಕೆ ಬಣ್ಣದ ಒಂದು ಗೆರೆ ಎಳೆದರೆ, ಅದು ಸಡಿಲಗೊಂಡಾಗ ಗೆರೆ ಮುರಿದು ತೋರುತ್ತದೆ.

ಬ್ರೇಕ್

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗವಿದು. ಡಿಸ್ಕ್ ಬ್ರೇಕಿನಲ್ಲಿ ಬಳಸುವ ಡಾಟ್ 4 ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಅದೇ ಮಾನದಂಡ ನಿಗದಿಪಡಿಸಿರುವುದು 155 ಡಿಗ್ರಿ ಮಾತ್ರ. ದಿನನಿತ್ಯದ ಸವಾರಿಯಲ್ಲಿ ಬ್ರೇಕು ಅಷ್ಟು ಬಿಸಿಯಾಗದ ಕಾರಣ ಎರಡು ಮಳೆಗಾಲ ಕಂಡ ದ್ರವವೂ ಕೆಲಸ ನಡೆಸುತ್ತದೆ. ಪಥದಲ್ಲಿ ಪ್ರತಿ ಸುತ್ತಿಗೂ ಹಲವು ಬಾರಿ ಬಲವಾಗಿ ಬ್ರೇಕ್ ಹಿಡಿದಾಗ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪರಿಣಾಮವಾಗಿ ಲಿವರ್ ಹಿಡಿಕೆಯವರೆಗೆ ಬಂದರೂ ವಾಹನ ನಿಲ್ಲುವುದಿಲ್ಲ. ಆದ್ದರಿಂದ ಟ್ರ್ಯಾಕ್ ಡೇಗೆ ಮುನ್ನ ಮುಚ್ಚಿದ ಡಬ್ಬಿಯ ಹೊಸ ದ್ರವವನ್ನು ತುಂಬಿ, ಕೊಳವೆಯಲ್ಲಿನ ಗಾಳಿಯನ್ನು ಪೂರ್ಣವಾಗಿ ಹೊರತೆಗೆಯಬೇಕು. ಅರ್ಧ ಬಳಸಿ ವರ್ಷಗಟ್ಟಲೆ ಇಟ್ಟ ಡಬ್ಬಿಯ ದ್ರವ ನಿಷ್ಪ್ರಯೋಜಕ. ಡಾಟ್ 5 ಎಂಬುದು ಸಿಲಿಕೋನ್ ಮೂಲದ್ದು. ಹೆಸರಿನ ಸಾಮ್ಯ ನೋಡಿ ಅದನ್ನು ಡಾಟ್ 4ರೊಡನೆ ಬೆರೆಸಬಾರದು.

ಬ್ರೇಕ್ ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸುವುದು ಒಳಿತು. ಹೊಸ ಪ್ಯಾಡುಗಳನ್ನು ಪಥದಲ್ಲಿಯೇ ಮೊದಲ ಬಾರಿ ಪ್ರಯೋಗಿಸದೆ, ರಸ್ತೆಯಲ್ಲಿ ಕೆಲವು ದಿನ ಓಡಿಸಿ ಡಿಸ್ಕಿಗೆ ಹೊಂದಿಸಿಕೊಳ್ಳಬೇಕು.

ಟೈರುಗಳು

ಟೈರಿನ ವಯಸ್ಸನ್ನು ಅದರ ಪಕ್ಕದ ಮೈಮೇಲಿನ ನಾಲ್ಕು ಅಂಕಿಗಳಿಂದ ತಿಳಿಯಬಹುದು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 1824 ಎಂದಿದ್ದರೆ ಅದು 2024ರ 18ನೆಯ ವಾರದಲ್ಲಿ ತಯಾರಾದುದು. ಕಿತ್ತೂರಿನವರಿಗೆ ಆ ಸಂಖ್ಯೆ ಬೇರೆ ಕಾರಣಕ್ಕಾಗಿ ಬಾಯಿಪಾಠವಿರುತ್ತದೆ. ಗುಳಿಗಳು ಆಳವಾಗಿದ್ದ ಮಾತ್ರಕ್ಕೆ ಹಳೆಯ ಟೈರು ಯೋಗ್ಯವಾಗದು. ರಬ್ಬರು ಗಡಸಾದರೆ ಹಿಡಿತ ತಗ್ಗುತ್ತದೆ. ಹೆದ್ದಾರಿಯಲ್ಲಿ ನೇರವಾಗಿ ಓಡಿದ ಟೈರಿನ ಮಧ್ಯಭಾಗ ಚಪ್ಪಟೆಯಾಗಿರುತ್ತದೆ; ಇಂಥದು ಓರೆಯಾದಾಗ ಹಠಾತ್ತನೆ ವಾಲಿದ ಅನುಭವ ಕೊಡುತ್ತದೆ.

ಬಿಸಿಯೇರಿದಂತೆ ಟೈರಿನೊಳಗಿನ ಒತ್ತಡ ಏರುತ್ತದೆ. ಅದಕ್ಕಾಗಿ ಪಥದಲ್ಲಿ ರಸ್ತೆಯ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇಟ್ಟು ಆರಂಭಿಸುವ ರೂಢಿಯಿದೆ. ಎಷ್ಟು ಕಡಿಮೆ ಎಂಬುದು ಟೈರಿನ ಮಾದರಿಯನ್ನು ಅವಲಂಬಿಸಿರುವುದರಿಂದ ಅದರ ತಯಾರಕರ ಸೂಚನೆಯನ್ನೇ ಅನುಸರಿಸಬೇಕು. ಗೆಳೆಯನ ಲೆಕ್ಕ ಗೆಳೆಯನ ಟೈರಿಗೆ. ವಾಲ್ವಿಗೆ ಲೋಹದ ಮುಚ್ಚಳ ಹಾಕುವುದು, ಚಕ್ರದ ಸಮತೋಲನಕ್ಕೆ ಅಂಟಿಸಿದ ಸೀಸದ ತುಣುಕುಗಳ ಮೇಲೆ ಟೇಪು ಸುತ್ತುವುದು ಚಿಕ್ಕ ಕೆಲಸಗಳಾದರೂ ಬಿಡತಕ್ಕವಲ್ಲ.

ಎಣ್ಣೆ ಮತ್ತು ತಂಪುದ್ರವ

ಎಂಜಿನ್ ಎಣ್ಣೆ ಹಾಗೂ ಫಿಲ್ಟರನ್ನು ಹೊಸದಾಗಿ ಹಾಕಿ, ಎಣ್ಣೆ ಬಸಿಯುವ ಬೋಲ್ಟಿನ ವಾಷರನ್ನೂ ಬದಲಿಸಬೇಕು. ಸ್ಪರ್ಧೆಯ ವಾಹನಗಳಲ್ಲಿ ಈ ಬೋಲ್ಟಿನ ತಲೆಗೆ ಸಣ್ಣ ರಂಧ್ರ ಕೊರೆದು, ತುಕ್ಕು ಹಿಡಿಯದ ತಂತಿಯನ್ನು ಪೋಣಿಸಿ, ಬಿಗಿಯುವ ದಿಕ್ಕಿಗೆ ಎಳೆದು ಕಟ್ಟುತ್ತಾರೆ. ಚಕ್ಕಡಿಯ ಗಾಲಿಗೆ ಕಡೆಗೀಲು ಇದ್ದಂತೆ ಇದು. ಟ್ರ್ಯಾಕ್ ಡೇಗಳಲ್ಲಿ ಸಾಮಾನ್ಯವಾಗಿ ಕಡ್ಡಾಯವಲ್ಲದಿದ್ದರೂ ಯಾವುದೇ ಲೇತ್ ಅಂಗಡಿಯಲ್ಲಿ ಮಾಡಿಸಬಹುದಾದ ಕೆಲಸವಾದ್ದರಿಂದ ಮಾಡಿಸುವುದೇ ಮೇಲು.

ರೇಡಿಯೇಟರಿರುವ ಎಂಜಿನ್‌ಗಳಲ್ಲಿ ಇನ್ನೊಂದು ವಿಷಯವಿದೆ. ಮಾಮೂಲು ಕೂಲಂಟಿನಲ್ಲಿರುವ ಗ್ಲೈಕಾಲ್ ಜಾರುವ ಗುಣವುಳ್ಳದ್ದು. ಪಥದ ಮೇಲೆ ಚೆಲ್ಲಿದರೆ ನೀರಿನಂತೆ ಬೇಗ ಆರುವುದಿಲ್ಲ. ಆದುದರಿಂದ ಅನೇಕ ಪಥಗಳಲ್ಲಿ ಅದನ್ನು ನಿಷೇಧಿಸಿ, ಶುದ್ಧೀಕರಿಸಿದ ನೀರು ಅಥವಾ ಗ್ಲೈಕಾಲ್ ಇಲ್ಲದ ದ್ರವವನ್ನು ಮಾತ್ರ ಒಪ್ಪಲಾಗುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್‌ಗಳ ಸವಾರರಿಗೆ ಈ ತೊಂದರೆಯಿಲ್ಲ. ಪಥದಲ್ಲಿ ಎಣ್ಣೆ ಚೆಲ್ಲಿದೆಯೆಂದು ಸೂಚಿಸಲು ಹಳದಿ ಮತ್ತು ಕೆಂಪು ಪಟ್ಟೆಗಳ ಬಾವುಟವನ್ನು ತೋರಿಸುತ್ತಾರೆ. ಆದರೆ ಬಾವುಟ ಹೊರಬರುವ ಮುನ್ನವೇ ಆ ಸ್ಥಳಕ್ಕೆ ತಲುಪುವ ಒಬ್ಬಿಬ್ಬರು ಸವಾರರು ಇದ್ದೇ ಇರುತ್ತಾರೆ.

ತೆಗೆಯಬೇಕಾದವು

ಕನ್ನಡಿಗಳು, ಇಂಡಿಕೇಟರುಗಳು, ನಂಬರ್ ಪ್ಲೇಟು, ಟ್ಯಾಂಕ್ ಚೀಲ ಇವುಗಳನ್ನು ಕಳಚಲಾಗುತ್ತದೆ. ಕಳಚಲಾಗದ ದೀಪಗಳ ಗಾಜಿಗೆ ಟೇಪು ಅಂಟಿಸುತ್ತಾರೆ, ಒಡೆದರೂ ಚೂರು ಚದುರಬಾರದೆಂದು. ಬ್ರೇಕಿನ ಕೆಂಪು ದೀಪವನ್ನೂ ಮುಚ್ಚುವುದು ಹೊಸಬರಿಗೆ ವಿಚಿತ್ರವೆನಿಸಬಹುದು. ಹಿಂದಿನವನು ಮುಂದಿನವನ ದೀಪ ನೋಡಿ ಗಾಬರಿಯಿಂದ ಬ್ರೇಕ್ ಹಿಡಿಯದೆ, ತಿರುವನ್ನು ನೋಡಿ ತಾನೇ ನಿರ್ಧರಿಸಲಿ ಎಂಬುದು ಅದರ ಆಶಯ.

ಭಾರತದ ವಾಹನಗಳಿಗೇ ವಿಶಿಷ್ಟವಾದ ಭಾಗ ಸೀರೆ ಗಾರ್ಡ್. ಹಿಂಬದಿ ಕುಳಿತವರ ಸೆರಗು ಚಕ್ರಕ್ಕೆ ಸಿಲುಕದಂತೆ ಎಡಬದಿಗೆ ಅಳವಡಿಸುವ ಈ ಸರಳುಗಳ ಚೌಕಟ್ಟು, ಎಡಕ್ಕೆ ಹೆಚ್ಚು ಓರೆಯಾದಾಗ ನೆಲಕ್ಕೆ ತಾಗಿ ಹಿಂದಿನ ಚಕ್ರವನ್ನೇ ಎತ್ತಬಲ್ಲದು. ಲೆಗ್ ಗಾರ್ಡ್ ಮತ್ತು ಸೆಂಟರ್ ಸ್ಟ್ಯಾಂಡುಗಳ ವಿಷಯವೂ ಹೀಗೆಯೇ. ಸೈಡ್ ಸ್ಟ್ಯಾಂಡನ್ನು ತೆಗೆಯುತ್ತಾರೆ, ಇಲ್ಲವೇ ತಂತಿಯಿಂದ ಕಟ್ಟುತ್ತಾರೆ.

ಸೈಲೆನ್ಸರ್ ಬದಲಿಸುವುದು, ಎಂಜಿನ್ ಶಕ್ತಿ ಹೆಚ್ಚಿಸುವುದು ಈ ಸಿದ್ಧತೆಗೆ ಸೇರಿದವಲ್ಲ. 150 ಸಿಸಿಯ ಸಾಧಾರಣ ವಾಹನವೂ ಮೊದಲ ದಿನದ ಕಲಿಕೆಗೆ ಧಾರಾಳವಾಗಿ ಸಾಕು. ಆ ಹಣವನ್ನು ಸವಾರನ ಉಡುಪಿಗೆ ವಿನಿಯೋಗಿಸುವುದು ಜಾಣತನ. ಇಡೀ ಮುಖ ಮುಚ್ಚುವ ಪ್ರಮಾಣಿತ ಹೆಲ್ಮೆಟ್, ಚರ್ಮದ ಸೂಟು, ಬೆನ್ನಿನ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಕೈಗವಸು ಹಾಗೂ ಕಣಕಾಲು ಮೀರಿದ ಬೂಟುಗಳಿಲ್ಲದೆ ಪಥಕ್ಕೆ ಪ್ರವೇಶ ದೊರೆಯುವುದಿಲ್ಲ. ಸಾಮಾನ್ಯ ವಾಹನ ವಿಮೆಯ ಷರತ್ತುಗಳು ಸಂಘಟಿತ ಓಟ ಮತ್ತು ವೇಗಪರೀಕ್ಷೆಗಳನ್ನು ಹೊರಗಿಟ್ಟಿರುವುದರಿಂದ, ಪಥದಲ್ಲಿ ಆದ ನಷ್ಟಕ್ಕೆ ವಿಮೆಯ ಹಣ ಬರುವುದೆಂದು ನಂಬಿ ಹೊರಡಬಾರದು.

ಸಾಗಣೆ ಮತ್ತು ಮರುಜೋಡಣೆ

ವಾಹನವನ್ನು ಓಡಿಸಿಕೊಂಡೇ ಹೋಗುವವರು ಕನ್ನಡಿ, ನಂಬರ್ ಪ್ಲೇಟುಗಳನ್ನು ಪಥದ ಆವರಣ ತಲುಪಿದ ಮೇಲೆಯೇ ಕಳಚಬೇಕು. 750 ಕಿ.ಮೀ. ಸವಾರಿ ಮಾಡಿ ದಣಿದವನು ಮರುದಿನ ಬೆಳಗ್ಗೆಯೇ ಪಥಕ್ಕಿಳಿಯುವುದು ಹಿತವಲ್ಲ. ನಡುವೆ ಒಂದು ರಾತ್ರಿಗಿಂತ ಹೆಚ್ಚಿನ ವಿಶ್ರಾಂತಿ ಬೇಕು. ಹಲವರು ಸೇರಿ ಪಿಕಪ್ ವಾಹನವೊಂದನ್ನು ಬಾಡಿಗೆಗೆ ಪಡೆಯುವುದುಂಟು. ರೈಲಿನಲ್ಲಿ ಪಾರ್ಸಲ್ ಆಗಿಯೂ ಕಳುಹಿಸಬಹುದು. ಆಗ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬರಿದು ಮಾಡಿಸುತ್ತಾರೆ.

ಮರುಜೋಡಣೆಯನ್ನು ಮುಂದೂಡುವ ಪ್ರವೃತ್ತಿ ಅಪಾಯಕಾರಿ. ರೇಡಿಯೇಟರಿನಲ್ಲಿ ಬರೀ ನೀರು ಉಳಿದರೆ ಒಳಭಾಗ ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಬೇಗ ಕುದಿಯುತ್ತದೆ. ಟೈರಿನ ಒತ್ತಡವನ್ನು ಮತ್ತೆ ರಸ್ತೆಯ ಮಟ್ಟಕ್ಕೆ ಏರಿಸಬೇಕು. ಬ್ರೇಕ್ ದೀಪದ ಟೇಪು ತೆಗೆದು, ಮುಂದಿನ ಲಿವರಿಗೂ ಹಿಂದಿನ ಪೆಡಲಿಗೂ ಅದು ಬೆಳಗುವುದನ್ನು ಬೇರೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಕೊಳ್ಳಬೇಕು. ಬೈಲಹೊಂಗಲ ಸಾರಿಗೆ ಕಚೇರಿಯ ಸಂಕೇತವಾದ ಕೆಎ 24ರ ಫಲಕ ಸ್ವಸ್ಥಾನಕ್ಕೆ ಮರಳಬೇಕು. ಸೀರೆ ಗಾರ್ಡನ್ನು ಮನೆಯವರು ಯಾರಾದರೂ ಹಿಂದಿನ ಸೀಟಿನಲ್ಲಿ ಕೂರುವ ಮೊದಲೇ ಜೋಡಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಂತೆ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಪಾವಟಿಗೆ ಹಾಗೂ ಹಿಂದಿನ ಚಕ್ರದ ಕನಿಷ್ಠ ಅರ್ಧಭಾಗವನ್ನು ಮುಚ್ಚುವ ರಕ್ಷಣೆ ಇರುವುದು ಕಡ್ಡಾಯ.