ಕಾರವಾರದ ಚಪಲ್ ಮತ್ತು ಕರಾಚಿಯ ಆ ರಾತ್ರಿ

ಕಡಲು ಕಾಣದ ಊರು ನಮ್ಮದು. ಹಳೇಬೀಡಿನ ಮಗ್ಗುಲಲ್ಲೇ ಇರುವ ಬಸ್ತಿಹಳ್ಳಿ. ದೊಡ್ಡ ನೀರು ಅಂದರೆ ದ್ವಾರಸಮುದ್ರದ ಕೆರೆ. ಹೆಸರಿನಲ್ಲಿ ಮಾತ್ರ ಸಮುದ್ರ :) ಹಾಗಾಗಿ ಕೆಲವು ವರ್ಷಗಳ ಹಿಂದೆ ಆಫೀಸಿನ ಗೆಳೆಯರ ಜೊತೆ ಕಾರವಾರಕ್ಕೆ ಹೋದಾಗ ಟ್ಯಾಗೋರ್ ಕಡಲತೀರದಲ್ಲಿ ನಿಂತಿದ್ದ ಯುದ್ಧನೌಕೆ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಐಎನ್ಎಸ್ ಚಪಲ್. ಪೇಪರಿನವರು ಇದನ್ನು ‘ಚಾಪೆಲ್’ ಅಂತ ಬರೆದು ಚರ್ಚು ಮಾಡಿಬಿಟ್ಟಿದ್ದಾರೆ, ಆದರೆ ಅದು ನಮ್ಮ ಚಪಲ, ಚಪಲತೆಯ ಚಪಲ. ಚುರುಕು ಅಂತ ಅರ್ಥ. ಬಾಯಿಚಪಲ ಅಲ್ಲ.

ಒಳಗೆ ಹೋದರೆ ತಲೆ ಬಗ್ಗಿಸಿಕೊಂಡೇ ಓಡಾಡಬೇಕು. ಅಲ್ಲಿ ಒಬ್ಬರು ಅಜ್ಜ ಮೊಮ್ಮಗನಿಗೆ ಹೇಳುತ್ತಿದ್ದರು, “ಎಪ್ಪತ್ತೊಂದರ ಯುದ್ಧದಲ್ಲಿ ಕರಾಚಿ ಸುಟ್ಟಿದ್ದು ಇದೇ ಹಡಗು”. ನಾನೂ ಅದನ್ನೇ ಎಲ್ಲೋ ಓದಿಕೊಂಡು ಹೋಗಿದ್ದೆ. ಮೈ ಜುಮ್ಮೆಂದಿತು. ಹೊರಗೆ ಬಂದವನೇ ಊರಲ್ಲಿರುವ ದೊಡ್ಡಪ್ಪನಿಗೆ ಫೋನ್ ಮಾಡಿದೆ. ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು, ಬಸದಿಗೆ ಬಂದ ಯಾತ್ರಿಕರಿಗೆ ಶಾಸನ ಓದಿ ಹೇಳುವುದು ಅವರ ಹವ್ಯಾಸ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಹಡಗಿನ ತಾರೀಖು ನೋಡಿದ್ಯೇನೋ?”

ನೋಡಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಹುಡುಕಿದೆ. ಚಪಲ್ ನೌಕಾಪಡೆ ಸೇರಿದ್ದು 1976ರ ನವೆಂಬರಿನಲ್ಲಿ! ಯುದ್ಧ ಮುಗಿದು ಐದು ವರ್ಷವಾದ ಮೇಲೆ. 71ರ ಬಗ್ ಅನ್ನು 76ರ ಕೋಡ್ ಸರಿಮಾಡಿತು ಅಂದಹಾಗಾಯಿತು. ಅಂತರ್ಜಾಲದಲ್ಲಿ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಎಷ್ಟೊಂದು ಕಡೆ ಈ ತಪ್ಪು ಕೂತಿದೆ ಅಂದರೆ, ಸರಿಯಾದ ಮಾತು ಹೇಳಿದವರೇ ತಪ್ಪಿತಸ್ಥರಂತೆ ಕಾಣುತ್ತಾರೆ.

ಹಾಗಾದರೆ ಕರಾಚಿಗೆ ಹೋದವರು ಯಾರು? 1971ರ ಡಿಸೆಂಬರ್ 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಜೊತೆಗೆ ಕಿಲ್ತಾನ್, ಕಛಲ್ ಎಂಬ ಎರಡು ಕಾವಲು ಹಡಗುಗಳು. ನೇತೃತ್ವ ಬಬ್ರು ಭಾನ್ ಯಾದವ್ ಅವರದು. ಕಾರ್ಯಾಚರಣೆಯ ಹೆಸರು ಟ್ರೈಡೆಂಟ್, ಅಂದರೆ ತ್ರಿಶೂಲ. ಈ ದೋಣಿಗಳು ರಷ್ಯನ್ನರು ತಮ್ಮ ಬಂದರುಗಳ ಕಾವಲಿಗೆ ಮಾಡಿಕೊಂಡಿದ್ದ ‘ಓಸಾ’ ಜಾತಿಯವು. ಓಸಾ ಅಂದರೆ ರಷ್ಯನ್ ಭಾಷೆಯಲ್ಲಿ ಕಣಜ, ಕಚ್ಚುವ ಕಣಜ. ಓಟ ಜೋರು, ಆದರೆ ಇಂಧನದ ಟ್ಯಾಂಕು ಚಿಕ್ಕದು, ದೂರ ಹೋಗಲಾರವು. ಸೋವಿಯತ್ ದೇಶದಿಂದ ಬಂದಾಗ ಇವನ್ನು ಇಳಿಸುವಷ್ಟು ದೊಡ್ಡ ಕ್ರೇನು ಮುಂಬಯಿಯಲ್ಲಿ ಇರಲಿಲ್ಲವಂತೆ. ಕಲ್ಕತ್ತದಲ್ಲಿ ಇಳಿಸಿ, ಹಗ್ಗ ಕಟ್ಟಿ, ಇಡೀ ಪರ್ಯಾಯದ್ವೀಪ ಸುತ್ತಿಸಿ ಮುಂಬಯಿಗೆ ಎಳೆದು ತಂದರು. ಅಲ್ಲಿಯವರೆಗೆ ಎಳೆದು ತರಬಹುದಾದರೆ ಶತ್ರುವಿನ ಬಾಗಿಲವರೆಗೂ ಎಳೆದುಕೊಂಡು ಹೋಗಬಹುದಲ್ಲ! ಮನೆಕಾವಲಿನ ದೋಣಿಯನ್ನು ದಾಳಿಗೆ ಬಳಸಿದ ಆ ತಲೆಗೆ ನಾನು ಯಾವಾಗಲೂ ಸಲಾಂ ಹೊಡೆಯುತ್ತೇನೆ.

ಅದೇ ಕ್ಷಿಪಣಿ 1967ರಲ್ಲೇ ಜಗತ್ತನ್ನು ಬೆಚ್ಚಿಬೀಳಿಸಿತ್ತು. ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ಐಲಾತ್ ಎಂಬ ದೊಡ್ಡ ಹಡಗನ್ನು ಅದರಿಂದ ಮುಳುಗಿಸಿದ್ದವು. ಸುಮಾರು 40 ಕಿಲೋಮೀಟರ್ ದೂರದಿಂದ ಅರ್ಧ ಟನ್ ತೂಕದಷ್ಟು ಸಿಡಿತಲೆ ಹೊತ್ತು ಬರುವ ಯಂತ್ರ. ಆ ರಾತ್ರಿ ನಿರ್ಘಾತ್ ಬಿಟ್ಟ ಎರಡು ಕ್ಷಿಪಣಿಗೆ ಪಾಕಿಸ್ತಾನದ ಖೈಬರ್ ಮುಳುಗಿತು. ಮೊದಲ ಹೊಡೆತ ಬಿದ್ದಾಗ ಅವರು ವಿಮಾನ ದಾಳಿ ಅಂದುಕೊಂಡು ಹಾಗೇ ವೈರ್‌ಲೆಸ್ ಕಳಿಸಿದರು. ವೀರ್ ಹೊಡೆತಕ್ಕೆ ಮುಹಾಫಿಜ್ ಹೋಯಿತು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ನೌಕಾದಿನ ಡಿಸೆಂಬರ್ 4ಕ್ಕೆ ಬರುವುದು ಇದೇ ಕಾರಣಕ್ಕೆ. ಆದರೆ ಮರುದಿನವೇ, 9ರ ರಾತ್ರಿ, ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ.

ಇಷ್ಟು ಓದಿದ ಮೇಲೆ ಚಪಲ್ ಫೋಟೋ ಮತ್ತೆ ತೆಗೆದು ನೋಡಿದೆ. ಪುರಾವೆ ಫೋಟೋದಲ್ಲೇ ಇತ್ತು! 71ರ ದೋಣಿಗಳ ಕ್ಷಿಪಣಿಗೂಡುಗಳು ಪೆಟ್ಟಿಗೆಯ ಹಾಗೆ ದಪ್ಪ ದಪ್ಪ, ಏಕೆಂದರೆ ಆ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ. ಚಪಲ್ ಎರಡನೇ ಪೀಳಿಗೆಯದು. ರೆಕ್ಕೆ ಮಡಚುವ ಕ್ಷಿಪಣಿ ಬಂದ ಮೇಲೆ ಗೂಡು ಕೊಳವೆಯ ಹಾಗೆ ಗುಂಡಗಾಯಿತು. ಕಾರವಾರದಲ್ಲಿ ನಿಮಗೆ ಕಾಣುವುದು ಗುಂಡನೆಯ ಕೊಳವೆಗಳೇ. ಎದುರಿಗೆ ನಿಂತು ಅಷ್ಟು ಹೊತ್ತು ಫೋಟೋ ಹೊಡೆಸಿಕೊಂಡರೂ ನನ್ನ ತಲೆಗೆ ಹೊಳೆದಿರಲಿಲ್ಲ. ಎಂಜಿನಿಯರ್ ಅಂತೆ ನಾನು!

ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಒಪ್ಪಿಸಿದೆ. ಮಾತಾಡದೆ ಪಾರ್ಶ್ವನಾಥ ಬಸದಿಗೆ ಕರೆದುಕೊಂಡು ಹೋದರು. ಮುಖ ಕಾಣುವ ಹಾಗೆ ನುಣುಪಾದ ಕರಿಗಲ್ಲಿನ ಕಂಬಗಳಿರುವ ಬಸದಿ, ನೀವೂ ನೋಡಿರಬಹುದು. ನಾವು ಹುಡುಗರೆಲ್ಲ ಇದು ವಿಷ್ಣುವರ್ಧನನ ವಿಜಯದ ಗುರುತಿಗೆ ಕಟ್ಟಿದ್ದು ಅಂತಲೇ ನಂಬಿದ್ದೆವು, ದೇವರ ಹೆಸರೇ ವಿಜಯ ಪಾರ್ಶ್ವ. ಶಾಸನ ಹೇಳುವುದು ಬೇರೆ. ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ, 1133ರಲ್ಲಿ, ತೀರಿಹೋದ ತಂದೆಯ ನೆನಪಿಗೆ. ತಂದೆಯ ಬಿರುದಿನಿಂದ ಅದು ದ್ರೋಹಘರಟ್ಟ ಜಿನಾಲಯ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ರಾಜನಿಗೆ ತಲುಪಿದ ಹೊತ್ತಿಗೆ ಅವನು ಮಸಣನೆಂಬ ಶತ್ರುವನ್ನು ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ದೇವರಿಗೂ ಮಗನಿಗೂ ‘ವಿಜಯ’ ಸೇರಿಸಿದ.

“ಗೆಲುವು ಆಮೇಲೆ ಬಂದು ಅಂಟಿಕೊಂಡದ್ದು. ಆದ್ರೆ ಶಾಸನದೋರು ಅಪ್ಪನ ಹೆಸರು ಅಳಿಸಲಿಲ್ಲ ನೋಡು” ಅಂದರು ದೊಡ್ಡಪ್ಪ.

ಚಪಲ್‌ಗೆ ಕರಾಚಿ ಅಂಟಿಸಿದಾಗ ನಿಪಾತ್, ನಿರ್ಘಾತ್, ವೀರ್ ಅಳಿಸಿಹೋಗುತ್ತವೆ. ಆ ಹುಡುಗ ಅವುಗಳ ಹೆಸರು ಕೇಳದೆಯೇ ಮನೆಗೆ ಹೋದ. ನೌಕಾಪಡೆಯವರು ಮಾತ್ರ ಮರೆತಿಲ್ಲ, ತಾತನ ಹೆಸರು ಮೊಮ್ಮಗನಿಗೆ ಇಟ್ಟಂತೆ ಮುಂದಿನ ಹಡಗುಗಳಿಗೆ ಅವೇ ಹೆಸರಿಟ್ಟರು. ಎರಡನೇ ವೀರ್, ಎರಡನೇ ನಿಪಾತ್ 2016ರಲ್ಲಿ ನಿವೃತ್ತವಾದವು. ಇನ್ನು ಚಪಲ್‌ನ ಸ್ವಂತದ ಕತೆಯೂ ಸಣ್ಣದೇನಲ್ಲ. ಸುಮಾರು 38 ಮೀಟರ್ ಉದ್ದದ ಆ ತಗಡಿನೊಳಗೆ ಮೂವತ್ತರಷ್ಟು ಜನ ಪಾಳಿಯ ಮೇಲೆ ಪಾಳಿ ಮಾಡಿ, 2005ರ ಮೇವರೆಗೆ, ಇಪ್ಪತ್ತೆಂಟು ವರ್ಷಕ್ಕೂ ಮಿಕ್ಕಿ ಸಜ್ಜಾಗಿಯೇ ಇದ್ದರು. ಮರುವರ್ಷ ಅದು ಮ್ಯೂಸಿಯಂ ಆಯಿತು. ರಾತ್ರಿ ಸಪೋರ್ಟ್ ಡ್ಯೂಟಿ ಮಾಡಿದವರಿಗೆ ಗೊತ್ತು, ಏನೂ ಆಗದ ರಾತ್ರಿಗೂ ಯಾರೋ ಎಚ್ಚರವಿರಲೇಬೇಕು. ಆ ಜನರ ಬಗ್ಗೆ ನಾಲ್ಕು ಸಾಲು ಓದಬೇಕೆಂದು ಹುಡುಕಿದೆ, ಕರಾಚಿಯ ಸುಳ್ಳೇ ಮತ್ತೆ ಮತ್ತೆ ಎದುರಾಯಿತು.

ಈಗ ದೊಡ್ಡಪ್ಪನಿಗೂ ಆ ಹಡಗು ನೋಡುವ ಆಸೆ ಹತ್ತಿದೆ. ಮೊನ್ನೆ ಫೋನಿನಲ್ಲಿ ಕೇಳಿದರು, “ಮೇಲೆ ಹತ್ತೋಕೆ ಮೆಟ್ಟಿಲು ಎಷ್ಟಿದಾವೋ? ನನ್ನ ಮಂಡಿ ಕೇಳ್ಬೇಕಲ್ಲ.”

ಅದನ್ನೂ ನಾನು ಎಣಿಸಿಕೊಂಡು ಬಂದಿರಲಿಲ್ಲ.