ಹೃದಯ–ಶ್ವಾಸಕೋಶ ಯಂತ್ರ

ಹೃದಯ ನಿಲ್ಲಿಸಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡುವಾಗ ರಕ್ತ ಪರಿಚಲನೆ, ಉಸಿರಾಟ ಎರಡನ್ನೂ ವಹಿಸಿಕೊಳ್ಳುವ ಯಂತ್ರ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಇದನ್ನು ಮೊದಲು ಯಶಸ್ವಿಯಾಗಿ ಬಳಸಿದರು.

ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಬಲ ಹೃತ್ಕರ್ಣದಿಂದ ಇಳಿದ ಕಡುಗೆಂಪು ರಕ್ತ ಸಂಗ್ರಹಪಾತ್ರೆ ಸೇರುತ್ತದೆ. ಪಂಪು ಅದನ್ನು, ರಕ್ತಕ್ಕೆ ಆಮ್ಲಜನಕ ಸೇರಿಸುವ ಆಕ್ಸಿಜನೇಟರ್ ಮೂಲಕ ಮಹಾಪಧಮನಿಗೆ ತಳ್ಳುತ್ತದೆ. ಕೊಳವೆಗಳನ್ನು ತುಂಬಲು ಸುಮಾರು ಒಂದೂವರೆ ಲೀಟರ್ ದ್ರವ ಬೇಕು. ಅಷ್ಟರಮಟ್ಟಿಗೆ ರಕ್ತ ತೆಳುವಾಗುತ್ತದೆ. ಸಂಗ್ರಹಪಾತ್ರೆಯಿಲ್ಲದ ಕಿರು ವ್ಯವಸ್ಥೆಗೆ ಅದರ ಅರ್ಧದಷ್ಟು ಸಾಕು, ಇದು ದೊಡ್ಡ ಲಾಭವೇ. ಆದರೆ ಗಾಳಿಗುಳ್ಳೆ ನುಸುಳಿದರೆ ಸುಧಾರಿಸಿಕೊಳ್ಳಲು ಸಮಯ ಕಡಿಮೆ. ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಕಣ್ಣು ಕದಲಿಸುವಂತಿಲ್ಲ.

ಯಂತ್ರವಿಲ್ಲದೆ, ಮಿಡಿಯುವ ಹೃದಯದ ಮೇಲೂ ಬೈಪಾಸ್ ಸಾಧ್ಯ. 4,752 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ (2012) 30 ದಿನಗಳ ಮುಖ್ಯ ಫಲಿತಾಂಶದಲ್ಲಿ ಎರಡೂ ವಿಧಾನಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇಂಥ ಶಸ್ತ್ರಚಿಕಿತ್ಸೆ ಬೇಕಾದ, ಕೋಲಾರ ಜಿಲ್ಲೆಯ ರಾಬರ್ಟ್‌ಸನ್‌ಪೇಟೆಯ ಬಡ ರೋಗಿಗಳಿಗೆ ಬಂಗಾರಪೇಟೆ–ಬೆಂಗಳೂರು ರೈಲುಮಾರ್ಗದ ವೈಟ್‌ಫೀಲ್ಡ್ ಮುಖ್ಯ ನಿಲ್ದಾಣ: ಅಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತದೆ.