ಜಗಲಿಯ ಕೆಳಗಿನ ಚರಿತ್ರೆ

ಮಾಗಡಿ ರಸ್ತೆಯ ಸುಂಕದಕಟ್ಟೆ ಈಗ ಬೆಂಗಳೂರಿನ ಒಂದು ಬಡಾವಣೆ. ಸುಂಕ ವಸೂಲಿಯ ನೆನಪು ಊರ ಹೆಸರಿನಲ್ಲಿ ಉಳಿದಿದೆ. ತಲೆಹೊರೆ ಹೊತ್ತು ಬಂದು ಸುಂಕ ತೆತ್ತವರ ಹೆಸರು ಉಳಿದಿಲ್ಲ. ನಮ್ಮ ಕಡೆ ಚರಿತ್ರೆ ಉಳಿಯುವುದೇ ಹೀಗೆ.

ಇದೇ ರಸ್ತೆ ಹಿಡಿದು ಹೋದರೆ ಮಾಗಡಿ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದ ಮೇಲೆ ಕೆಂಪೇಗೌಡರ ಮನೆತನ ನೆಲೆನಿಂತ ಊರು. ಅಲ್ಲಿ ಕೋಟೆಯಿದೆ, ಸೋಮೇಶ್ವರ ದೇವಾಲಯವಿದೆ. ಅವನ್ನು ಉಳಿಸಬೇಕು ಅನ್ನುವುದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಅದೇ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಸಿದ್ಧಲಿಂಗಯ್ಯ ಹುಟ್ಟಿದರು. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಉಳುತ್ತಿದ್ದುದನ್ನು ಅವರು 'ಊರುಕೇರಿ'ಯಲ್ಲಿ ನೆನೆಯುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಅವರ ಅಪ್ಪ. ಅಂಥವರ ಮನೆ ಯಾವ ಪಟ್ಟಿಗೆ ಸೇರಬೇಕು?

ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ಕಾಯ್ದೆಯಲ್ಲಿ ಜಾತಿಯ ಮಾತಿಲ್ಲ, ನಿಜ. ಆದರೆ ನೂರು ವರ್ಷ ಬಾಳುವಂತೆ ಕಟ್ಟಲು ಕಲ್ಲು ಬೇಕು, ಮರ ಬೇಕು, ಸ್ವಂತ ನೆಲ ಬೇಕು. ಕೇರಿಯವರ ಮಣ್ಣುಗೋಡೆಗೆ, ಹುಲ್ಲುಮಾಡಿಗೆ ನೂರು ವರ್ಷ ಎಲ್ಲಿಂದ ಬರ್ತದೆ? ಊರಿನ ತೊಟ್ಟಿಮನೆಗಳಿಗೆ ಮಣ್ಣು ತುಳಿದವರು, ಕಲ್ಲು ಹೊತ್ತವರು ಅದೇ ಕೇರಿಯವರು. ಮನೆ ಎದ್ದು ನಿಂತ ಮೇಲೆ ಅವರು ಜಗಲಿ ಹತ್ತುವಂತಿರಲಿಲ್ಲ.

ಮನಸ್ಸಿದ್ದರೆ ವಯಸ್ಸು ಅಡ್ಡಿಯಾಗುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆ ನೂರು ವರ್ಷದ್ದಲ್ಲ. 2011ರಲ್ಲಿ ಅದನ್ನು ಕೆಡವಲು ಹೊರಟಾಗ ಗದ್ದಲವಾಯಿತು, ಮನೆ ಉಳಿಯಿತು, 2016ರಲ್ಲಿ ಮ್ಯೂಸಿಯಂ ಆಯಿತು. ಒಳ್ಳೆಯದೇ ಆಯಿತು. ಲಂಡನ್ನಿನಲ್ಲಿ ಅಂಬೇಡ್ಕರ್ ವಿದ್ಯಾರ್ಥಿಯಾಗಿ 1921-22ರಲ್ಲಿ ತಂಗಿದ್ದ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡಿತು. ಅದು ಅವರ ಪಿತ್ರಾರ್ಜಿತ ಮನೆಯಲ್ಲ, ಓದಲು ಹೋದಾಗ ಇದ್ದ ಮನೆ. ಈ ಮಾತು ಯಾಕೆ ಹೇಳಿದೆನೆಂದರೆ, ದಲಿತರ ಚರಿತ್ರೆಯನ್ನು ವಂಶದ ಮನೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಬಾಡಿಗೆ ಕೋಣೆಗಳಲ್ಲಿ, ಹಾಸ್ಟೆಲ್ಲುಗಳಲ್ಲಿ ಇದೆ. ಸಿದ್ಧಲಿಂಗಯ್ಯನವರಂಥ ಹುಡುಗರಿಗೆ ಅನ್ನ ಹಾಕಿ ಓದಿಸಿದ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ನಮ್ಮ ಪಾಲಿಗೆ ಯಾವ ಅರಮನೆಗೂ ಕಡಿಮೆಯಲ್ಲ.

ಆದ್ದರಿಂದ ತೊಟ್ಟಿಮನೆಗಳನ್ನು ಉಳಿಸಿ, ಕಂಬಗಳ ಕೆತ್ತನೆಯನ್ನೂ ತೋರಿಸಿ. ಜೊತೆಗೆ, ಕೂಲಿ ಕೇಳಲು ಬಂದವರು ಅಂಗಳದಲ್ಲಿ ಎಲ್ಲಿ ನಿಲ್ಲಬೇಕಾಗಿತ್ತು ಅನ್ನುವುದನ್ನೂ ಒಂದು ಫಲಕದಲ್ಲಿ ಬರೆಯಿರಿ. ಕೇರಿಯ ಹಿರಿಯರನ್ನು ಕೇಳಿದರೆ ಆ ಜಾಗವನ್ನು ಅವರೇ ತೋರಿಸುತ್ತಾರೆ. ಅವರು ಇರುವಾಗಲೇ ಕೇಳಬೇಕು.